ಮಳೆಗಾಲಕ್ಕೆ ಜಾಗ ಬಿಟ್ಟ ತೊಟ್ಟಿಲು

ನಾನು ಅಜ್ಜನಾದೆ! ಮಗಳು ಸಿಂತಿಯಾಳಿಗೆ ಹೆಣ್ಣುಮಗು. ಬೇರೆ ಏನು ಹೇಳುವುದಕ್ಕೂ ಮೊದಲು ಇದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸೌದಿಯ ತಾಯಿಫ್ ಊರಿನ ಈ ಕಟ್ಟಡದ ಕಾವಲುಗಾರನಿಗೆ ಹೇಳಿದೆ, ಎದುರಿನ ರೊಟ್ಟಿ ಅಂಗಡಿಯವನಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕಿದ ಗುರುತಿಲ್ಲದ ಅರಬರೊಬ್ಬರಿಗೂ ಹೇಳಿದೆ. ನನಗೆ ಅರಬ್ಬಿ ಬಾರದು. ಎರಡು ಕೈ ಮಡಚಿ ಮಗು ತೂಗಿ ತೋರಿಸಿದೆ. ಅವರು "ಮಬ್ರೂಕ್, ಮಬ್ರೂಕ್" ಎಂದು ನನ್ನ ಕೈ ಕುಲುಕುತ್ತಾ, ಇಳಿಯಬೇಕಾದ ಮಹಡಿಯನ್ನು ಮರೆತು ನನ್ನ ಜೊತೆಗೇ ಮೇಲಕ್ಕೆ ಬಂದರು.

ಉಡುಪಿ ಕಡೆಯ ಒಂದು ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಂತು ಮುದುಕನಾದವನು ನಾನು. ಶಾಲೆ ಐದನೇ ಕ್ಲಾಸಿಗೇ ಮುಗಿಯಿತು. ಓದಿದವರು ಹೊಸ ಊರಿಗೆ ಹೋದರೆ ಬೋರ್ಡು ಓದುತ್ತಾರೆ, ನಾನು ಬಾಗಿಲು ತಟ್ಟುತ್ತೇನೆ. ಒಳಗೆ ಯಾರಿದ್ದಾರೆ ಎಂದು ತಿಳಿಯಲು ಅಲ್ಲ, ಯಾವ ಮರ ಎಂದು ತಿಳಿಯಲು. ಹೆರಿಗೆಗೆ ಮುಂಚೆ ನಾನೂ ನನ್ನ ಹೆಂಡತಿ ಲಿಲ್ಲಿಯೂ ಇಲ್ಲಿ ಬಂದಿಳಿದ ದಿನವೇ ಅಳಿಯ ರೋನಿಯ ಫ್ಲ್ಯಾಟಿನ ಬಾಗಿಲುಗಳನ್ನೆಲ್ಲ ತಟ್ಟಿದೆ. ಎಲ್ಲ ಟೊಳ್ಳು. ಆಸೆ ಬಿಡದೆ ಪಕ್ಕದ ಮನೆಯದ್ದನ್ನೂ ತಟ್ಟಿದೆ. ಮನೆಯ ಯಜಮಾನರು ಹೊರಬಂದು, ಮಾತು ತಿಳಿಯದೆ, ಒಳಗೆ ಕೂರಿಸಿ ಖರ್ಜೂರ, ಕಾಫಿ ಕೊಟ್ಟು ಕಳಿಸಿದರು. ಆ ಬಾಗಿಲೂ ಟೊಳ್ಳೇ.

ನಮ್ಮ ಮನೆತನದ ಮಕ್ಕಳೆಲ್ಲ ಮಲಗಿದ್ದು ಮಾಡಿನ ತೊಲೆಗೆ ನೇತುಹಾಕಿದ ಮರದ ತೊಟ್ಟಿಲಲ್ಲಿ. ಇಲ್ಲಿ ತಲೆಯೆತ್ತಿ ನೋಡಿದರೆ ತೊಲೆಯೇ ಇಲ್ಲ, ಬೆಳ್ಳಗಿನ ಸೀಲಿಂಗು. "ಮಾವ, ಅದು ಬರೀ ಜಿಪ್ಸಂ. ಮೊಳೆ ಹೊಡೆದ್ರೆ ಸೀಲಿಂಗೇ ತೊಟ್ಟಿಲೊಳಗೆ ಬೀಳ್ತದೆ" ಎಂದ ರೋನಿ. ಅವನು ಆಗಲೇ ಮಾಲ್‌ನಿಂದ ಬಲೆ ಹೊದಿಸಿದ ಮಡಚುವ ತೊಟ್ಟಿಲೊಂದನ್ನು ತಂದು, ಪೆಟ್ಟಿಗೆ ಬಿಚ್ಚದೆ ಗೋಡೆಗೆ ಒರಗಿಸಿಟ್ಟಿದ್ದ. ಹಾಗಾದರೆ ನೆಲದ ಮೇಲೆ ನಿಲ್ಲುವ ಮರದ ತೊಟ್ಟಿಲನ್ನು ನಾನೇ ಮಾಡುತ್ತೇನೆ ಎಂದೆ. ಸಿಂತಿಯಾ ನರ್ಸು, ಮಾತು ಕಡಿಮೆ, ತೀರ್ಪು ಜಾಸ್ತಿ. "ಸರಿ ಪಪ್ಪಾ. ನಾನು ಮಗು ಎತ್ಕೊಂಡು ಬರುವಾಗ ಅದು ಗಟ್ಟಿ ಇದ್ರೆ ಮಗು ಅದ್ರಲ್ಲಿ. ಇಲ್ಲದಿದ್ರೆ ಪೆಟ್ಟಿಗೆ ಬಿಚ್ಚೋದು. ಆಮೇಲೆ ಮುಖ ಊದಿಸ್ಬಾರ್ದು."

ಮರ ತರಲು ರೋನಿಯ ಜೊತೆ ಹೋದೆ. ಗರಗಸಕ್ಕೆ ಸಿಗುವಂಥ ಮರ ಕಾಣದ ಈ ಊರಲ್ಲಿ ಮರದ ಅಂಗಡಿಗಳ ಸಾಲೇ ಇದೆ ಮಾರಾಯ್ರೆ! ಅಂಗಡಿಯ ಖಾನ್ ಪೇಶಾವರದವನು. ಹಳದಿ ಬಣ್ಣದ ಪೈನ್ ಹಲಗೆಯೊಂದನ್ನು ಮೂಸಿದೆ. ಅಂಟಿನ ವಾಸನೆ ಮೂಗಿನಿಂದ ನೇರ ಎದೆಗೆ ಇಳಿಯಿತು. ಅಮೆರಿಕದ ದಕ್ಷಿಣದ ಕಾಡುಗಳಿಂದ ಬಂದದ್ದು, ಅಲ್ಲಿ ಮನೆಯ ಗೋಡೆಯೂ ಇದರದ್ದೇ ಎಂದ ಖಾನ್. ಇಲ್ಲಿ ಮಾತ್ರ ಅದು ಸೆಂಟ್ರಿಂಗಿಗೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಕಿತ್ತು ಹಾಕುತ್ತಾರೆ. ನನಗೆ ತಡೆಯಲಾಗಲಿಲ್ಲ. ಗೋಡೆಯೂ ಮರವಾದರೆ ಮೊಳೆ ಎಲ್ಲಿ ಹೊಡೆದರೂ ನಿಲ್ಲುತ್ತದಲ್ಲ! ಗೆದ್ದಲು ಹಿಡಿಯುವುದಿಲ್ಲವೇ? ಮಳೆ ಎಷ್ಟು? ಅಲ್ಲಿಯ ಮಿಲ್ಲಿನಲ್ಲೂ ನನ್ನಂಥ ಒಬ್ಬ ಅಜ್ಜ ಕಿವಿ ಮಂದವಾಗಿ ಕೂತಿರಬಹುದೇ? ನನ್ನ ಹರಕು ಹಿಂದಿಯಲ್ಲಿ ಎಲ್ಲವನ್ನೂ ಕೇಳಿದೆ. "ಚಾಚಾ, ನಾನು ನೋಡಿದ್ದು ಹಲಗೆ ತಂದ ಲಾರಿ ಮಾತ್ರ" ಎಂದ ಖಾನ್. "ಯಲ್ಲಾ ಮಾವ, ಹೊರಡುವ" ಎಂದು ರೋನಿ ನನ್ನ ತೋಳು ಹಿಡಿದು ಎಳೆದ.

ಕೊಂಡು ತಂದ ಆ ಪೈನ್ ಹಲಗೆಗಳಿಂದಲೇ ಬಾಲ್ಕನಿಯಲ್ಲಿ ಕೆಲಸ ನಡೆಯಿತು. ಚೌಕಟ್ಟಿಗೆ ಸ್ಕ್ರೂ ಬಿಗಿದೆ, ಅಡಿ ಹಲಗೆ ಕಲ್ಲಿನಂತೆ ಕೂತಿತು. ತೂಗಲು ಕೆಳಗೆ ಎರಡು ಬಾಗಿದ ಕಾಲು ಕೊಟ್ಟೆ. ಎರಡು ಬದಿಗೂ ದುಂಡನೆಯ ಕಡ್ಡಿಗಳನ್ನು ತೂತಿಗೆ ಕೂರಿಸಿದೆ. ಕೂರಿಸುವಾಗ ಕೈ ತನ್ನಷ್ಟಕ್ಕೆ ಪ್ರತಿ ತೂತಿನಲ್ಲೂ ಒಂದು ಕೂದಲೆಳೆಯಷ್ಟು ಜಾಗ ಬಿಟ್ಟಿತು. ನಮ್ಮ ಕಡೆ ಹಾಗೆ ಬಿಡಲೇಬೇಕು. ಜೂನ್ ಬಂದರೆ ಮರ ನೀರು ಕುಡಿದು ಉಬ್ಬುತ್ತದೆ. ಜಾಗ ಇಲ್ಲದಿದ್ದರೆ ಸೀಳುತ್ತದೆ. ತೊಟ್ಟಿಲು ಮುಗಿಸಿ ಕೋಣೆಯಲ್ಲಿಟ್ಟು, ಮೇಲೊಂದು ಬಟ್ಟೆ ಹೊದಿಸಿದೆ.

ಆಸ್ಪತ್ರೆಯಿಂದ ಮಗು ಬರುವ ದಿನ ಬೆಳಿಗ್ಗೆ ಬಟ್ಟೆ ತೆಗೆದು, ಪರೀಕ್ಷೆಗೆ ಕುಚ್ಚಲಕ್ಕಿಯ ಚೀಲವನ್ನು ಮಲಗಿಸಿ ತೂಗಿದೆ. ಕಟಕಟ, ಕಟಕಟ! ಇಲ್ಲಿಯ ಒಣಹವೆಗೂ ಏಸಿಗೂ ಮರ ಉಬ್ಬುವ ಬದಲು ಸೊರಗಿತ್ತು. ಕಡ್ಡಿಗಳೆಲ್ಲ ತೂತಿನೊಳಗೆ ಕುಣಿಯುತ್ತಿದ್ದವು. ಲಿಲ್ಲಿ ಅಡುಗೆಮನೆಯಿಂದ ಇಣುಕಿದಳು.

"ಎಂತದು ಶಬ್ದ?"

"ಮಳೆಗಾಲಕ್ಕೆ ಅಂತ ಸ್ವಲ್ಪ ಜಾಗ ಬಿಟ್ಟಿದ್ದೆ."

"ಯಾವ ಮಳೆಗಾಲ? ಉಡುಪಿಯದ್ದಾ? ಅದನ್ನೂ ಸೂಟ್‌ಕೇಸಿನಲ್ಲಿ ತಂದಿದ್ದೀರಾ ನೀವು?"

ತೂತುಗಳ ಸಂದಿಗೆ ಹೊಡೆಯಲು ಉಳಿದ ತುಂಡುಗಳಿಂದ ಬೆಣೆ ಕೆತ್ತುತ್ತಾ ಕೂತೆ. ಸುತ್ತಿಗೆ ಎತ್ತಬೇಕು ಎನ್ನುವಾಗ ಬಾಗಿಲು ತೆರೆಯಿತು, ಜೊತೆಗೇ ಮಗುವಿನ ಅಳು. ಅಬ್ಬ, ಎಂಥ ಗಂಟಲು! ಸಿಂತಿಯಾ ತೋಳಲ್ಲಿ ತೂಗಿದಳು, ರೋನಿ ತೂಗಿದ, ನಿಲ್ಲಲಿಲ್ಲ. ರೋನಿ ಕತ್ತರಿ ಹಿಡಿದು ಪೆಟ್ಟಿಗೆಯ ಕಡೆ ನಡೆದ. ಅಷ್ಟರಲ್ಲಿ ಲಿಲ್ಲಿ ಅಕ್ಕಿ ಚೀಲವನ್ನು ಎಳೆದು ಹಾಕಿ, ಹಾಸಿಗೆ ಹಾಸಿ, ಮಗುವನ್ನು ಮಲಗಿಸಿ ಒಂದು ಸಲ ತೂಗಿಯೇಬಿಟ್ಟಳು.

ಕಟಕಟ, ಕಟಕಟ.

ಅಳು ನಿಂತಿತು. ಮಗು ಕಣ್ಣರಳಿಸಿ ಶಬ್ದ ಬಂದ ಕಡೆ ನೋಡಿತು. ನನಗಂತೂ ನೋಡಿದ ಹಾಗೆಯೇ ಕಂಡಿತು. ಸಿಂತಿಯಾ ಚೌಕಟ್ಟನ್ನು ಒತ್ತಿದಳು, ಅಲುಗಿಸಿದಳು, ಕಡ್ಡಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಒಂದೂ ಕಳಚಿ ಬರಲಿಲ್ಲ. "ಗಟ್ಟಿ ಉಂಟು. ರೋನಿ, ಆ ಪೆಟ್ಟಿಗೆ ವಾಪಸ್ ಕೊಡಿ."

"ಎರಡೇ ನಿಮಿಷ ಮಗಾ, ಬೆಣೆ ಹೊಡೆದ್ರೆ ಶಬ್ದ ನಿಲ್ತದೆ" ಎಂದು ನಾನು ಸುತ್ತಿಗೆ ಎತ್ತಿದೆ.

"ಮುಟ್ಬೇಡಿ!" ಮೂವರೂ ಒಟ್ಟಿಗೆ ಕೂಗಿದರು.

ಆ ಸಂಜೆ ನಾವೆಲ್ಲ ನೆಲಕ್ಕೆ ಹಾಸಿ, ತೊಟ್ಟಿಲ ಸುತ್ತಲೇ ಊಟಕ್ಕೆ ಕೂತೆವು. ಬಾಣಂತಿಗೆ ಮೆಂತೆ ಗಂಜಿ, ನಮಗೆ ಕೋಳಿ ಸುಕ್ಕ. ತೊಟ್ಟಿಲಲ್ಲಿ ಮೊದಲು ಮಲಗಿದ ಅಕ್ಕಿಯೇ ತಟ್ಟೆಯಲ್ಲಿ ಅನ್ನವಾಗಿತ್ತು. ತೊಟ್ಟಿಲಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕಾಲಿನ ಹೆಬ್ಬೆರಳಿನಲ್ಲಿ. ಒಂದು ತುತ್ತು, ಒಂದು ಎಳೆತ.

"ಮಾವ, ಈ ಶಬ್ದ ಬೇಕೂಂತಲೇ ಇಟ್ಟದ್ದಾ?" ಎಂದು ರೋನಿ ಬೆರಗಿನಿಂದ ಕೇಳಿದ.

"ಮತ್ತೆ? ನಮ್ಮ ಕಡೆಯ ಕೆಲಸವೇ ಹಾಗೆ" ಎಂದೆ.

ಲಿಲ್ಲಿ ನನ್ನ ಮುಖವನ್ನೊಮ್ಮೆ ದಿಟ್ಟಿಸಿದಳು. ನನ್ನ ಬಾಯಿ ಇನ್ನು ತೆರೆಯದಿರಲಿ ಎಂಬಂತೆ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ನಾನು ತಲೆ ತಗ್ಗಿಸಿ ಹೆಬ್ಬೆರಳು ಎಳೆದೆ.