ಹಿಮಾಯತ್‌ನಗರದ ಓಬವ್ವ

ಹೈದರಾಬಾದಿನ ಹಿಮಾಯತ್‌ನಗರದ ಕನ್ನಡ ಹೆಂಗಸರನ್ನು ಕಟ್ಟಿಕೊಂಡು ಪ್ರತಿ ನವೆಂಬರಿನಲ್ಲೂ ನಾನೊಂದು ನಾಟಕ ಆಡಿಸುತ್ತೇನೆ. ಬರೆದದ್ದು ಬರೆದ ಹಾಗೆ ಒಂದು ವರ್ಷವೂ ನಡೆದಿಲ್ಲ. ಈ ಸಲ ಚಿತ್ರದುರ್ಗದ ಓಬವ್ವನ ಕಥೆ ಎತ್ತಿಕೊಂಡ ದಿನವೇ ನನ್ನ ಬಲಗಣ್ಣು ಅದುರಿತ್ತು.

ಎಲ್ಲರೂ ರಾಣಿಯರೇ

"ವೀರವನಿತೆಯ ನಾಟಕ" ಎಂದು ವಾಟ್ಸಾಪಿನಲ್ಲಿ ಹಾಕಿದ್ದೇ ತಡ, ಐದು ಜನ ಕಿರೀಟ, ರೇಷ್ಮೆ ಸೀರೆಯ ಸಮೇತ ತಯಾರಾದರು. "ಓಬವ್ವ ರಾಣಿಯಲ್ಲ, ಕೋಟೆ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕೂತಾಗ ನೀರು ತರಲು ಹೋಗಿ, ಕಿಂಡಿಯಲ್ಲಿ ನುಸುಳುತ್ತಿದ್ದ ವೈರಿಗಳನ್ನು ಒನಕೆಯಿಂದ ಬಡಿದವಳು. ನೂಲಿನ ಸೀರೆ ಸಾಕು" ಎಂದೆ. ಐವರೂ ಹಿಂದೆ ಸರಿದರು.

ಆಗ ಮುಂದೆ ಬಂದವರು ನಮ್ಮ ಉಪ್ಪಿಟ್ಟಿನ ವೈನಿ. ಕಲಬುರಗಿ ಕಡೆಯವರು. ಹತ್ತು ವರ್ಷದಿಂದ ನಮ್ಮ ಎಲ್ಲ ಕಾರ್ಯಕ್ರಮಕ್ಕೂ ಉಪ್ಪಿಟ್ಟು ಕೆದಕಿದ್ದಾರೆ, ಸ್ಟೇಜಿನ ಮೆಟ್ಟಿಲು ತುಳಿದಿಲ್ಲ.

"ನಾ ಮಾಡ್ತೀನ್ರಿ. ಒಂದ ಸಲ ಸ್ಟೇಜ್ ಹತ್ತಬೇಕಂತ ಭಾಳ ಆಸೆ ಐತ್ರಿ" ಅಂದರು. ಆದರೆ ಅವರ ಅತ್ತೆಯ ಶರತ್ತು ಒಂದಿತ್ತು: "ಮಾಡು. ಮಂದಿ ನಕ್ಕರಂದ್ರ ಮುಂದ ಸ್ಟೇಜು ಬಂದ್."

ನನ್ನ ನಾಟಕಕ್ಕೆ ಜನ ನಗದೇ ಹೋದದ್ದು ಯಾವಾಗ?

ಒನಕೆಯ ಸವಾರಿ

ಎಲ್ಲರ ಮನೆಯಲ್ಲೂ ಮಿಕ್ಸಿ. ಒನಕೆ ಸಿಕ್ಕಿದ್ದು ಅಬಿಡ್ಸ್‌ನ ಹಳೇ ಪಾತ್ರೆ ಅಂಗಡಿಯ ಅಟ್ಟದಲ್ಲಿ. ವೈನಿ ಅದನ್ನು ಹೆಗಲ ಮೇಲಿಟ್ಟುಕೊಂಡು ಆಟೋ ನಿಲ್ಲಿಸಿದರು. ಆಟೋದವನು ಒನಕೆ ನೋಡಿದ, ವೈನಿಯನ್ನು ನೋಡಿದ.

"ಕಿದರ್ ಜಾನಾ ಅಮ್ಮಾ?"

"ಘರ್ ಕು ಚಲೋ, ಜಲ್ದಿ. ಸಾಬ್ ಅಕೇಲೇ ಹೈ."

ಬೇಗ ಮನೆಗೆ ನಡಿ, ಸಾಹೇಬರು ಒಬ್ಬರೇ ಇದ್ದಾರೆ ಅಂದದ್ದಷ್ಟೇ. ಹೈದರಾಬಾದಿನಲ್ಲಿ ಕೇಳದೇ ಮೀಟರ್ ಹಾಕಿದ ಆಟೋವನ್ನು ನಾನು ನೋಡಿದ್ದು ಅದೇ ಮೊದಲು.

ಸತ್ತವರ ಫೋನು

ಸಾಯುವ ವೈರಿಗಳಾಗಲು ಯಾವ ಹೆಂಗಸೂ ಒಪ್ಪಲಿಲ್ಲ. ಗಂಡಂದಿರನ್ನು ಎಳೆದು ತಂದೆವು. ಫ್ರಿಜ್ಜಿನ ರಟ್ಟಿನ ಡಬ್ಬವೇ ಕಿಂಡಿ. ಒನಕೆಯ ತುದಿಗೆ ದಪ್ಪ ಸ್ಪಂಜು ಸುತ್ತಿದೆವು. ತಾಲೀಮಿಗೆ ಬೇಗಂಪೇಟೆಯ ಆಫೀಸಿನಿಂದ ನೇರವಾಗಿ ಬಂದಿದ್ದ ಮೈಸೂರಿನ ಇಂಜಿನಿಯರ್ ಒಬ್ಬರು ಎರಡನೆಯವರಾಗಿ ಸತ್ತರು. ಅವರ ಮೇಲೆ ಇನ್ನೂ ಮೂವರು ಬಿದ್ದರು. ರಾಶಿಯ ಅಡಿಯಲ್ಲಿ ಫೋನು ಬಡಿದುಕೊಂಡಿತು, ಹಿಂದೆಯೇ ಅವರ ದನಿ ಬಂತು:

"ಕೇಳಿಸ್ತಿದೆ ಸಾರ್. ಇಲ್ಲೇ ಇದೀನಿ, ಸ್ವಲ್ಪ ಕೆಳಗಡೆ ಇದೀನಿ."

ಮೇಲಿನ ಹೆಣ ಬೈಯಿತು: "ಸುಮ್ನ ಸಾಯ್ರಿ ಒಂದೀಟು!"

ಎಲ್ಲಿ ನೀರು?

ನಾಟಕದ ದಿನ ಅತ್ತೆ ಊರುಗೋಲು ಹಿಡಿದು ಮೊದಲ ಸಾಲಿನಲ್ಲೇ ಕೂತರು, ಯಾರು ನಗುತ್ತಾರೆಂದು ಹಿಡಿಯಲು ಬಂದವರ ಹಾಗೆ. ಕಾವಲುಗಾರನ ಪಾತ್ರ ವೈನಿಯ ಗಂಡನದೇ. ಊಟ ನಿಜವಾಗಿ ಕಾಣಲೆಂದು ವೈನಿ ಮನೆಯಿಂದ ಜೋಳದ ರೊಟ್ಟಿ, ಎಣ್ಣೆಗಾಯಿ ತಂದು ಬಡಿಸಿದರು. ಅಲ್ಲೇ ಎಡವಟ್ಟಾಯಿತು.

ವೈನಿ ಕೊಡ ಹಿಡಿದು ಹೋದರು, ವೈರಿಗಳನ್ನು ಕಂಡರು, ಒನಕೆ ಎತ್ತಿದರು. ಏನು ಬಡಿತ! ಹತ್ತು ವರ್ಷ ಉಪ್ಪಿಟ್ಟು ಕೆದಕಿದ ತೋಳು ಅದು. ಒಬ್ಬರೂ ನಗಲಿಲ್ಲ. ನನಗಂತೂ ಕಣ್ಣು ತುಂಬಿ ಬಂತು.

ಈಗ ಗಂಡ ಓಡಿಬಂದು ಕಹಳೆ ಊದಬೇಕು. ಗಂಡ ಎರಡನೇ ರೊಟ್ಟಿ ಮುರಿಯುತ್ತಿದ್ದರು. ನಾನು ಪರದೆಯ ಹಿಂದಿನಿಂದ ಕೆಮ್ಮಿದೆ, ಕೈ ಬೀಸಿದೆ. ಪ್ರಯೋಜನವಾಗಲಿಲ್ಲ. ಕಡೆಗೆ ವೈನಿಯೇ ಒನಕೆ ಸಮೇತ ಅವರ ಎದುರು ಹೋಗಿ ನಿಂತರು.

"ಏಳ್ರಿ! ವೈರಿಗಳು ಬಂದಾರ!"

ಅವರು ತಲೆ ಎತ್ತಿ, ದಿನಾ ಮನೆಯಲ್ಲಿ ಕೇಳುವ ಹಾಗೆಯೇ ಕೇಳಿದರು: "ನೀರು ತರ್ತೀನಂತ ಹೋಗಿದ್ದೆಲ್ಲ, ಎಲ್ಲಿ ನೀರು?"

ಸಭೆ ಬಿದ್ದು ಬಿದ್ದು ನಕ್ಕಿತು. ಹೆಣಗಳೂ ನಕ್ಕವು. ವೈನಿಯ ಮುಖ ಸಣ್ಣಗಾಯಿತು. ಮುಗಿಯಿತು, ಪಾಪ, ಇವರಿಗೆ ಇನ್ನು ಉಪ್ಪಿಟ್ಟೇ ಗತಿ ಅಂದುಕೊಂಡೆ.

ಅಷ್ಟರಲ್ಲಿ ಅತ್ತೆ ಎದ್ದು ನಿಂತರು. ಊರುಗೋಲು ಸೊಸೆಯ ಕಡೆ ಅಲ್ಲ, ಮಗನ ಕಡೆ ಹೋಯಿತು.

"ಅಕಿ ಕೋಟಿ ಉಳಿಸ್ಯಾಳಲೇ! ಎದ್ದು ನೀನಽ ತಗೋ ನೀರು. ಮುಂದಿನ ವರ್ಷ ಸ್ಟೇಜಿಗೆ ಅಕಿ, ಉಪ್ಪಿಟ್ಟಿಗೆ ನೀ!"