ಕುಂಬಳಕಾಯಿ ಒಡೆದು ಬಾಗಿಲು ಹಾಕಿಕೊಳ್ಳುವ ನಮ್ಮ ಭಾವ

ಪೀಣ್ಯದ ಅಷ್ಟೂ ಶೆಡ್ಡುಗಳಲ್ಲಿ, ಆಯುಧಪೂಜೆಯ ದಿನ ರಸ್ತೆಯಲ್ಲಿ ಕುಂಬಳಕಾಯಿ ಒಡೆದು, ಒಡೆದ ಮರುಕ್ಷಣವೇ ಒಳಗೆ ಓಡಿ ಶಟರ್ ಎಳೆದುಕೊಳ್ಳುವ ಮನುಷ್ಯರು ಒಬ್ಬರೇ ಒಬ್ಬರು. ಆ ಒಬ್ಬರಿಗೇ ನನ್ನ ಅಕ್ಕನನ್ನು ಕೊಟ್ಟಿರುವುದು ನಮ್ಮ ವಂಶದ ಪೂರ್ವಾರ್ಜಿತ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಸ್ವಂತ ದುಡ್ಡು ಕೊಟ್ಟು ಕಾಯಿ ತಂದು, ಸ್ವಂತ ಕೈಯಿಂದ ಒಡೆದು, ಆಮೇಲೆ ಕಳ್ಳನ ಹಾಗೆ ಅಡಗಿಕೊಳ್ಳುವವರನ್ನು ಏನೆಂದು ಕರೆಯಬೇಕು? ಗಾದೆ ಮಾಡಿದವರು ಅಷ್ಟು ದೂರ ಯೋಚಿಸಿಲ್ಲ. ಅವರಿಗೆ ನಮ್ಮ ಭಾವನ ಪರಿಚಯವಿರಲಿಲ್ಲ.

ಭಾವನದು ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಒಂದು ಪುಟ್ಟ ವರ್ಕ್‌ಶಾಪು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು, ರಾಯಚೂರು ಕಡೆಯಿಂದ ಬಂದ ಇಬ್ಬರು ಕೆಲಸಗಾರರು, ಮತ್ತು ಈ ಎಲ್ಲದರ ಮೇಲೂ ಒಂದು ಪದರ ಎಣ್ಣೆ. ಮನೆ ಬಾಗಲಗುಂಟೆಯಲ್ಲಿ. ದಿನವಿಡೀ ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಕಬ್ಬಿಣ ಕೊರೆಯುವ ಕೈ. ಸಂಜೆ ಮನೆಗೆ ಬಂದರೆ ದೋಸೆಯ ದಪ್ಪವನ್ನೂ ಅಳೆದು ನೋಡುತ್ತಾರೆಂಬುದು ಅಕ್ಕನ ದೂರು. ನಾನು ಅದನ್ನು ಕಣ್ಣಾರೆ ಕಂಡಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ, ಸೌಟುಗಳ ಪಕ್ಕ, ಕಬ್ಬಿಣದ ದಪ್ಪ ಅಳೆಯುವ ಒಂದು ವರ್ನಿಯರ್ ನೇತಾಡುತ್ತಿದ್ದುದನ್ನು ಮಾತ್ರ ಕಂಡಿದ್ದೇನೆ.

ಅವರು ಪೀಣ್ಯಕ್ಕೆ ಬಂದದ್ದು ಎಂಟನೇ ವಯಸ್ಸಿನಲ್ಲಂತೆ, ಯಾವುದೋ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ಸೇರಿದ ತಾಯಿಯ ಸೆರಗು ಹಿಡಿದುಕೊಂಡು. ಆ ಕಾಲದ ಮಾತೆತ್ತಿದರೆ, "ಆಗ ಇಲ್ಲೆಲ್ಲ ನೀಲಗಿರಿ ತೋಪು ಕಣಯ್ಯ" ಎಂದು ಮರಗಳ ವಿಚಾರ ಹೇಳುತ್ತಾರೆಯೇ ಹೊರತು ಮನುಷ್ಯರ ವಿಚಾರ ಹೇಳುವುದಿಲ್ಲ.

ಇಂಥವರಿಗೆ ಇಬ್ಬರು ಮಕ್ಕಳು. ನಾನು ಹೇಳುತ್ತಿರುವ ವರ್ಷ ಮಗಳು ಒಂಬತ್ತನೇ ಕ್ಲಾಸು, ಮಗ ಐದನೇ ಕ್ಲಾಸು. ಮಕ್ಕಳಿಗೆ ದುಡ್ಡಿನ ಪಾಠ ಕಲಿಸಬೇಕೆಂದು ಭಾವ ನಿರ್ಧರಿಸಿದಾಗ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ನನ್ನನ್ನು ಒಂದು ಮಾತೂ ಕೇಳಲಿಲ್ಲ. "ನೀನು ಬೇರೇವ್ರ ದುಡ್ಡು ಮುಟ್ಟೋನು ಕಣಯ್ಯ, ನಿಂಗೇನು ಗೊತ್ತಾಯ್ತದೆ" ಎಂದುಬಿಟ್ಟರು. ಇಪ್ಪತ್ತು ವರ್ಷದ ನನ್ನ ಸರ್ವೀಸಿಗೆ ಸಂದ ಗೌರವ ಅದು!

ಅವರ ಮನೆಯಲ್ಲಿ ಪಾಕೆಟ್ ಮನಿ ಎಂಬ ಪದ್ಧತಿ ಇಲ್ಲ. ಭಾನುವಾರ ಮಕ್ಕಳಿಬ್ಬರೂ ಕೈಗವಸು ತೊಟ್ಟು ವರ್ಕ್‌ಶಾಪಿಗೆ ಹೋಗಬೇಕು. ಲೇತಿನಿಂದ ಉದುರಿದ ಕಬ್ಬಿಣದ ಸುರುಳಿ ಒಂದು ಕಡೆ, ಹಿತ್ತಾಳೆಯದು ಒಂದು ಕಡೆ ಆರಿಸಿಟ್ಟು, ಗುಜರಿಯವನಿಗೆ ಮಾರಿ, ಬಂದದ್ದನ್ನು ಹಂಚಿಕೊಳ್ಳಬೇಕು. ತಕ್ಕಡಿಯ ಮೇಲೆ ಕಣ್ಣಿಡುವುದು ಮಗನ ಖಾತೆ. ಅಪ್ಪ ಗ್ರಾಮು ಗ್ರಾಮು ಅಳೆದು ಕೊಟ್ಟ ಒಂದು ಕಬ್ಬಿಣದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಮೊದಲು ಅದನ್ನು ತೂಗಿಸಿ, ತಕ್ಕಡಿಯ ಸತ್ಯಪರೀಕ್ಷೆ ಮಾಡಿ, ಆಮೇಲೆಯೇ ವ್ಯಾಪಾರ. ಎರಡು ತಿಂಗಳು ಸಹಿಸಿದ ಗುಜರಿಯವನು ಒಂದು ದಿನ ಭಾವನೆದುರು ಕೈಮುಗಿದು, "ಸಾರ್, ಇವ್ನಿಗೆ ಭಾನುವಾರಾನೂ ಇಸ್ಕೂಲ್ ಇರೋ ಕಡೆ ಸೇರ್ಸಿ ಸಾರ್" ಎಂದನಂತೆ.

ಬಂದ ಹಣವನ್ನು ಮೂರು ಪಾಲು ಮಾಡಬೇಕು. ಅದಕ್ಕೆ ಒಬ್ಬೊಬ್ಬರಿಗೆ ಮೂರು ಮೂರು ಡಬ್ಬಿ. ಪೇಟೆಯ ಡಬ್ಬಿಗಳಲ್ಲ, ಭಾವ ತಾವೇ ಲೇತಿನಲ್ಲಿ ಕೊರೆದ ಉಕ್ಕಿನ ಡಬ್ಬಿಗಳು, ಹಾವನ್ನೂ ಹೊಡೆಯಬಹುದು. ಮೊದಲನೆಯದು ಖರ್ಚಿನದು. ಲೋಕದ ಮುಚ್ಚಳಗಳೆಲ್ಲ ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ, ಇದು ಬಲಕ್ಕೆ. ಅದೂ ನಲವತ್ತು ಸುತ್ತು! ಆಸೆ ಎಂಬುದು ಮೂವತ್ತನೇ ಸುತ್ತಿಗೆ ಇಳಿಯುತ್ತದೆಂದು ಭಾವನ ಸಿದ್ಧಾಂತ. ಸಿದ್ಧಾಂತ ಸುಳ್ಳಲ್ಲ. ಐಸ್‌ಕ್ಯಾಂಡಿಯವನ ಗಂಟೆ ಕೇಳಿ ಹುಡುಗ ಡಬ್ಬಿ ತಿರುಗಿಸಲು ಕೂತರೆ, ಮುಚ್ಚಳ ಕೈಗೆ ಬರುವಷ್ಟರಲ್ಲಿ ಐಸ್‌ಕ್ಯಾಂಡಿಯವನು ದಾಸರಹಳ್ಳಿ ದಾಟಿರುತ್ತಿದ್ದ.

ಎರಡನೆಯದು ಕೂಡಿಡುವುದು. ಅದರ ಮುಚ್ಚಳವನ್ನು ವೆಲ್ಡಿಂಗ್ ಮಾಡಿಬಿಟ್ಟಿದ್ದರು. ದುಡ್ಡು ತೆಗೆಯಬೇಕೆಂದರೆ ವರ್ಷಕ್ಕೊಮ್ಮೆ ಆಕ್ಸಾ ಬ್ಲೇಡಿನಲ್ಲಿ ಕೊಯ್ಯಬೇಕು. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿಗೂ ಇಷ್ಟು ಭದ್ರತೆ ಇರಲಿಲ್ಲ.

ಮೂರನೆಯದು ಕೊಡುವುದು. ಅದಕ್ಕೆ ಮುಚ್ಚಳವೇ ಇಲ್ಲ! ಹಾಲ್‌ನ ಕಿಟಕಿಯ ಮೇಲೆ ಬಾಯಿ ತೆರೆದುಕೊಂಡು ಕೂತ ಬಟ್ಟಲು. ಅಂಥದೊಂದು ಭಾವನಿಗೂ ಇತ್ತು. ಯಾಕೆ ಭಾವ ಅಂದರೆ, "ಡ್ರಾಯಿಂಗ್ ಹಂಗೈತೆ." ವರ್ಕ್‌ಶಾಪಿನವರಿಗೆ ಡ್ರಾಯಿಂಗ್ ಎಂದರೆ ವೇದವಾಕ್ಯ. ಗಿರಾಕಿ ಕೊಟ್ಟ ನಕ್ಷೆಯಲ್ಲಿ ಹೇಗಿದೆಯೋ ಹಾಗೆ ಮಾಡಬೇಕು, ಯಾಕೆಂದು ಕೇಳಬಾರದು. ಆದರೆ ಈ ಡ್ರಾಯಿಂಗನ್ನು ಕೊಟ್ಟ ಗಿರಾಕಿ ಯಾರು? ಅದನ್ನು ಅವರು ಹೇಳುತ್ತಿರಲಿಲ್ಲ.

ಮುಚ್ಚಳವಿಲ್ಲದ ಬಟ್ಟಲಿಗೆ ಕೈ ಹೋಗದೆ ಇರುತ್ತದೆಯೇ? ನಲವತ್ತು ಸುತ್ತಿನ ಕಾಟ ತಾಳದೆ ಹುಡುಗ ಒಂದು ಮಧ್ಯಾಹ್ನ ತನ್ನ ಅಕ್ಕನ ಬಟ್ಟಲಿಗೇ ಕೈ ಹಾಕಿ ಸಿಕ್ಕಿಬಿದ್ದ. ನಾನೂ ಅಲ್ಲೇ ಇದ್ದೆ. ಭಾವ ಬೈಯಲಿಲ್ಲ, ಹೊಡೆಯಲಿಲ್ಲ. ಬೇಕಾದವರಿಗೇ ಇಟ್ಟದ್ದು, ನಿನಗೆ ಬೇಕಾದರೆ ತೆಗೆದುಕೋ ಎಂದು ಹೇಳಿ, ನಮ್ಮೆಲ್ಲರನ್ನೂ ಎದ್ದು ಗೋಡೆಯ ಕಡೆ ತಿರುಗಿ ನಿಲ್ಲಲು ಅಪ್ಪಣೆ ಮಾಡಿದರು. ನಾನು, ಅಕ್ಕ, ಮಗಳು, ಗ್ಯಾಸ್ ಸಿಲಿಂಡರ್ ತಂದಿದ್ದವನು, ನಾಲ್ವರೂ ಕ್ಯಾಲೆಂಡರ್ ನೋಡುತ್ತ ನಿಂತೆವು. ಭಾವ ನೂರರವರೆಗೆ ಎಣಿಸಿದರು. ತಿರುಗಿ ನೋಡಿದರೆ ಬಟ್ಟಲು ಇದ್ದ ಹಾಗೇ ಇತ್ತು, ಹುಡುಗ ಬಚ್ಚಲುಮನೆಯಲ್ಲಿ ಅಳುತ್ತಿದ್ದ. "ಏನ್ ಮನೇರೀ ಇದು" ಎಂದು ಸಿಲಿಂಡರಿನವನು ಟಿಪ್ಸು ಕೇಳುವುದನ್ನೂ ಮರೆತು ಹೋದ.

ಈ ಬಟ್ಟಲಿನ ಹಣವೇ ಆಯುಧಪೂಜೆಯ ದಿನ ಕುಂಬಳಕಾಯಿ ಸೇರುತ್ತಿದ್ದದ್ದು. ಬೂದುಗುಂಬಳಕ್ಕೆ ಚೌಕನೆಯ ತೂತು ಕೊರೆದು, ಕುಂಕುಮ ತುಂಬಿ, ನಾಲ್ಕು ಚಿಲ್ಲರೆ ಹಾಕಿ ಬಾಗಿಲಲ್ಲಿ ಒಡೆಯುವುದು ಎಲ್ಲ ಶೆಡ್ಡುಗಳಲ್ಲೂ ಉಂಟು. ಒಡೆದ ಕೂಡಲೇ ನಾಣ್ಯ ಆರಿಸಲು ಮಕ್ಕಳು, ಮುದುಕಿಯರು ಮುಗಿಬೀಳುವುದೂ ಉಂಟು. ಮಾಲೀಕರು ಸೊಂಟದ ಮೇಲೆ ಕೈಯಿಟ್ಟು ಆ ನೂಕಾಟವನ್ನು ನೋಡಿ ನಗುತ್ತಾರೆ, ಇನ್ನೊಂದು ಹಿಡಿ ಎಸೆದು ಮತ್ತೆ ನಗುತ್ತಾರೆ, ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ. ಅದೂ ಪೂಜೆಯ ಒಂದು ಭಾಗವೇ ಎಂದು ನಾನೂ ತಿಳಿದಿದ್ದೆ.

ಭಾವನ ವಿಧಿ ಬೇರೆ. ನಾಲ್ಕು ಚಿಲ್ಲರೆಯಲ್ಲ, ಮಕ್ಕಳ ಮತ್ತು ತಮ್ಮ ಬಟ್ಟಲುಗಳ ಪೂರ್ತಿ ಹಣ, ಐದೈದು ರೂಪಾಯಿಯ ನಾಣ್ಯಗಳಲ್ಲಿ. ಆ ನಾಣ್ಯ ತಂದುಕೊಡುವುದಷ್ಟೇ ಬ್ಯಾಂಕಿನವನಾದ ನನ್ನ ಪಾತ್ರ. ಕಾಯಿ ಒಡೆಯುವುದು, ಎಲ್ಲರೂ ಒಳಕ್ಕೆ, ಶಟರ್ ಕೆಳಕ್ಕೆ, ನೂರು ಎಣಿಸುವುದು, ಶಟರ್ ಮೇಲಕ್ಕೆ. ಆಗ ತಾನೇ ಸಾಂಬ್ರಾಣಿ ಹಾಕಿ, ಕಂತೆ ಊದುಬತ್ತಿ ಹಚ್ಚಿದ ಶೆಡ್ಡು! ಅದಕ್ಕಿರುವುದೇ ಒಂದು ಬಾಗಿಲು. ಒಂದು ಸಲ ಆರ್ಡರ್ ಕೊಡುವ ಕಂಪನಿಯ ಪರ್ಚೇಸ್ ಆಫೀಸರ್ ಒಬ್ಬರು ಪೂಜೆಗೆ ಬಂದು ಈ ನೂರರೊಳಗೆ ಸಿಕ್ಕಿಕೊಂಡರು. ನಲವತ್ತಕ್ಕೆ ಕೆಮ್ಮಿದರು, ಅರವತ್ತಕ್ಕೆ ಟೈ ಸಡಿಲಿಸಿದರು, ಎಂಬತ್ತಕ್ಕೆ ಹೋದ ತಿಂಗಳಿಂದ ತಡೆಹಿಡಿದಿದ್ದ ಬಿಲ್ಲನ್ನು ನಾಳೆಯೇ ಪಾಸು ಮಾಡಿಸುವುದಾಗಿ ತಾವಾಗಿಯೇ ಹೇಳಿದರು. ರಾಯಚೂರಿನ ಕೆಲಸಗಾರರಲ್ಲಿ ಹಿರಿಯನಾದವನು ನನ್ನ ಕಿವಿಯಲ್ಲಿ, "ಇದು ತಿಂಗಳಿಗೊಮ್ಮಿ ಮಾಡಬೇಕ್ರೀ" ಎಂದ.

ಹೀಗೆ ಎಲ್ಲವೂ ಸುಸೂತ್ರವಾಗಿ ಉಸಿರುಗಟ್ಟಿಕೊಂಡು ನಡೆದಿರಲು, ಆ ವರ್ಷ ಮಗಳು ತಿರುಗಿಬಿದ್ದಳು.

ಅವಳಿಗೆ ಸೈಕಲ್ ಬೇಕಿತ್ತು. ಎರಡನೇ ಡಬ್ಬಿ ಕೊಯ್ದಾಗ ಸಿಕ್ಕಿದ್ದು ಸೈಕಲ್ಲಿಗೆ ಸಾಲಲಿಲ್ಲ. ಕಡಿಮೆ ಬಿದ್ದದ್ದು ಹೆಚ್ಚುಕಡಿಮೆ ಅವಳ ಮೂರನೇ ಬಟ್ಟಲಿನಲ್ಲಿ ಇದ್ದಷ್ಟೇ. ಇದರ ಜೊತೆಗೆ ಶಾಲೆಯಲ್ಲಿ ಯಾವುದೋ ನಿಧಿಗೆ ಹಣ ಕೂಡಿಸಿಕೊಟ್ಟದ್ದಕ್ಕೆ ಪ್ರಾರ್ಥನೆಯ ವೇಳೆಯಲ್ಲಿ ಇವಳ ಹೆಸರು ಕೂಗಿ, ಚಪ್ಪಾಳೆ ಹೊಡೆಸಿ, ಬಂಗಾರದ ಅಂಚಿನ ಒಂದು ಸರ್ಟಿಫಿಕೇಟು ಕೊಟ್ಟಿದ್ದರು. ಅದು ಹಾಲ್‌ನ ಗೋಡೆಯೇರಿತ್ತು. ಭಾವ ಅದನ್ನು ಇಳಿಸಿ, ಮುಂದೆ ನೋಡಿ, ಹಿಂದೆ ನೋಡಿ, ಬೆಳಕಿಗೆ ಹಿಡಿದು ನೋಡಿದರು.

"ಕೊಟ್ಟೋರ್ಗೆ ಸರ್ಟಿಫಿಕೇಟು. ಇಸ್ಕೊಂಡೋರ್ಗೆ ಏನ್ ಕೊಟ್ರಮ್ಮ?"

"ಅವ್ರಿಗ್ಯಾಕಪ್ಪ ಸರ್ಟಿಫಿಕೇಟು?"

"ಕಷ್ಟದ ಕೆಲ್ಸ ಅವ್ರದಲ್ವಾ?"

ಮಗಳಿಗೆ ಇದು ಹಿಡಿಸಲಿಲ್ಲ. ಶಾಲೆಯಲ್ಲಿ ಕೊಟ್ಟರೆ ಯಾರಿಗೆ ಹೋಯಿತೆಂದಾದರೂ ಹೇಳುತ್ತಾರೆ, ಇಲ್ಲಿ ವರ್ಷವೆಲ್ಲ ಕೈಗೆ ಎಣ್ಣೆ ಮಾಡಿಕೊಂಡು ದುಡಿದದ್ದನ್ನು ರಸ್ತೆಗೆ ಸುರಿದು ನಾವೇ ಬಚ್ಚಿಟ್ಟುಕೊಳ್ಳುತ್ತೇವೆ, ಕುಡುಕರು ಬಾಚಿಕೊಂಡು ಹೋದರೂ ಗೊತ್ತಾಗುವುದಿಲ್ಲ ಎಂಬುದು ಅವಳ ವಾದ. ಹಾಕಿದರೆ ನೋಡಿಯೇ ಹಾಕುತ್ತೇನೆ, ಇಲ್ಲದಿದ್ದರೆ ಸೈಕಲ್ ಎಂದಳು. ಭಾವ ಎಂದಿನಂತೆ ಡ್ರಾಯಿಂಗ್ ಹಂಗೈತೆ ಎಂದರು.

"ಯಾವ ಡ್ರಾಯಿಂಗಪ್ಪ? ಒಂದ್ಸಲ ತೋರ್ಸು, ನೋಡೋಣ."

ಬೇಕನಿಸಿದರೆ ಬಟ್ಟಲಿನಿಂದ ತೆಗೆದುಕೋ, ಯಾರೂ ಏನೂ ಅನ್ನುವುದಿಲ್ಲ, ಎಂದಷ್ಟೇ ಹೇಳಿ ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನೂ ಹಿಂದೆಯೇ ಹೋದೆ. ಟೀ ಅಂಗಡಿಯಲ್ಲಿ ಇಬ್ಬರೂ ಅರ್ಧರ್ಧ ಲೋಟ ಮುಗಿಸಿದೆವು. ನಾನೇ, "ಸ್ವಲ್ಪ ಗಟ್ಟಿಯಾಗಿ ಹೇಳಿದ್ರೆ ಹಾಕ್ತಾಳೆ ಭಾವ" ಎಂದೆ.

"ಹಾಕ್ತಾಳೆ ಕಣಯ್ಯ. ಹಾಕಿದ್ರೂ ಕೊಟ್ಟಂಗಾಗಲ್ಲ. ಮುಷ್ಟಿ ಒಂದ್ಸಲ ಬಿಗಿ ಆಗೋಯ್ತು ಅಂದ್ರೆ ಅದನ್ನ ಬಿಡ್ಸೋ ಟೂಲು ನನ್ನತ್ರ ಇಲ್ಲ."

ಉಕ್ಕನ್ನು ಬೆಣ್ಣೆಯ ಹಾಗೆ ಕೊರೆಯುವ ಮನುಷ್ಯ ಹೀಗೆ ಸೋತು ಕೂತದ್ದನ್ನು ನೋಡಿ ನನಗೆ ಕೆಡುಕೆನಿಸಿತು. ಆದರೂ ಸತ್ಯ ಹೇಳಬೇಕಲ್ಲ, ಒಳಗೊಳಗೆ ನಾನು ಹುಡುಗಿಯ ಪಕ್ಷ. ಹಣ ಕಟ್ಟಿದವರಿಗೆ ರಸೀದಿ ಕೊಡುವುದು ನನ್ನ ಕುಲಧರ್ಮ! ಶಟರಿಗೆ ಬೀಗದ ಪಟ್ಟಿ ಕೂರಿಸಲೆಂದು ಭಾವ ಹಿಂದೆಂದೋ ಕೊರೆದು ಬಿಟ್ಟ ಒಂದು ತೂತು, ಎಡಮೂಲೆಯಲ್ಲಿ, ಎದೆಯ ಎತ್ತರಕ್ಕೆ ಇದೆ ಎಂಬ ಗುಟ್ಟನ್ನು ಅವಳಿಗೆ ಹೇಳಿಕೊಟ್ಟ ಪಾಪಿ ನಾನೇ.

ಹಬ್ಬದ ದಿನ ಬಂತು. ಲೇತುಗಳು ಬಾಳೆಕಂದು, ಚೆಂಡುಹೂವು ಮುಡಿದು ಮದುವಣಗಿತ್ತಿಯರಂತೆ ನಿಂತಿದ್ದವು. ಭಾವ ಕುಂಬಳಕಾಯಿಗೆ ತಮ್ಮ ಬಟ್ಟಲು ಸುರಿದರು. ಮಗ ತನ್ನದನ್ನು ಸುರಿದ. ಆಮೇಲೆ ಯಾರೂ ಮಗಳ ಕಡೆ ನೋಡಲಿಲ್ಲ. ಎಲ್ಲರೂ ಏಕಕಾಲಕ್ಕೆ ಸೂರಿನ ತಗಡನ್ನು ಪರೀಕ್ಷಿಸತೊಡಗಿದೆವು. ನಾಣ್ಯಗಳ ಸದ್ದು ಕೇಳಿಸಿತು. ಅವಳು ಬೇಕೆಂದೇ ಜೋರಾಗಿ ಸುರಿದಿದ್ದಳು. ಭಾವನ ಮುಖ ಅರಳಿತು. ಪಾಪ, ತೂತಿನ ಒಪ್ಪಂದ ಅವರಿಗೆ ಗೊತ್ತಿರಲಿಲ್ಲ.

ಕಾಯಿ ಒಡೆಯಿತು. ಎಲ್ಲರೂ ಒಳಕ್ಕೆ, ಶಟರ್ ಕೆಳಕ್ಕೆ. ಭಾವ ನಡುವೆ ನಿಂತು, ಕಣ್ಣು ಮುಚ್ಚಿ, ಮಂತ್ರ ಹೇಳುವವರ ಗಾಂಭೀರ್ಯದಿಂದ ಎಣಿಸಲು ಶುರುಮಾಡಿದರು. ಮಗಳು ಎಡಮೂಲೆಗೆ ಸರಿದು, ಸ್ವಲ್ಪ ಬಾಗಿ, ತೂತಿಗೆ ಕಣ್ಣಿಟ್ಟಳು. ಹೊರಗೆ ಕಾಲುಗಳ ಸದ್ದು, ತಳ್ಳಾಟದ ಸದ್ದು. ಮೂವತ್ತಾಯಿತು, ನಲವತ್ತಾಯಿತು. ಸದ್ದು ಕಡಿಮೆಯಾಯಿತು. ಐವತ್ತರ ಹೊತ್ತಿಗೆ ಅವಳು ಥಟ್ಟನೆ ಹಿಂದೆ ಸರಿದಳು. ಸರಿದವಳು ಸುಮ್ಮನಿರದೆ ತೂತಿಗೆ ತನ್ನ ಹೆಬ್ಬೆರಳನ್ನು ಒತ್ತಿ ಹಿಡಿದಳು. ತಮ್ಮ ಓಡಿಬಂದು, ತಾನೂ ನೋಡುತ್ತೇನೆಂದು ಅವಳ ಕೈ ಜಗ್ಗಿದ. ಅವಳು ಬಿಡಲಿಲ್ಲ. ನಾನು ಕಣ್ಣಿನಲ್ಲೇ ಏನೆಂದು ಕೇಳಿದೆ. ನನ್ನ ಕಡೆ ಅವಳು ನೋಡಿದ ನೋಟ, ಬ್ಯಾಂಕಿನವರ ಕಡೆ ಯಾರೂ ನೋಡಬಾರದಂಥದು.

"ತೊಂಬತ್ತೊಂಬತ್ತು, ನೂರು" ಎಂದು ಭಾವ ಶಟರ್ ಎತ್ತಲು ಬಾಗಿದರು. ಅವಳು ಶಟರಿನ ಹಿಡಿಯ ಮೇಲೆ ಕಾಲಿಟ್ಟಳು.

"ಅಪ್ಪ, ನೂರು ಸಾಲಲ್ಲ. ಇನ್ನೂ ಐವತ್ತು ಎಣ್ಸೋಣ."

ಭಾವ ತಲೆಯೆತ್ತಿ ಮಗಳನ್ನು ನೋಡಿದರು. ತೂತಿನ ಮೇಲಿದ್ದ ಹೆಬ್ಬೆರಳನ್ನು ನೋಡಿದರು. ಗುಟ್ಟು ಬಯಲಾಯಿತೆಂದು ನಾನು ಮೆಲ್ಲಗೆ ಡ್ರಿಲ್ಲಿಂಗ್ ಮೆಷಿನ್ನಿನ ಹಿಂದೆ ಸರಿದೆ. ಆದರೆ ಅವರು ಯಾರನ್ನೂ ಏನೂ ಕೇಳಲಿಲ್ಲ. ಅಳತೆ ಎಂದರೆ ಅಳತೆ ಎಂದು ಯಾವ ಗಿರಾಕಿಗೂ ಕೂದಲೆಳೆಯಷ್ಟು ಬಿಟ್ಟುಕೊಡದ ಮನುಷ್ಯ ನೆಟ್ಟಗೆ ನಿಂತು, "ನೂರಾ ಒಂದು" ಎಂದರು. ನೂರಾ ಎರಡಕ್ಕೆ ಮಗಳು ದನಿಗೂಡಿಸಿದಳು, ಆಮೇಲೆ ಅಕ್ಕ, ಆಮೇಲೆ ರಾಯಚೂರಿನವರಿಬ್ಬರು.

ಅವಳು ಹೊರಗೆ ಕಂಡದ್ದು ಯಾರನ್ನು? ಕೊನೆಯವರೆಗೂ ನಿಂತು ಮೋರಿಯ ಅಂಚಿನಲ್ಲಿ ಯಾರಾದರೂ ನಾಣ್ಯ ಹುಡುಕುತ್ತಿದ್ದರೇ? ಅವಳಿಗೆ ಪರಿಚಯವಿದ್ದ ಯಾರೋ ಇರಬೇಕೆಂದು ನನ್ನ ಊಹೆ. ಅವಳು ಅವತ್ತೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಸರ್ಟಿಫಿಕೇಟು ಮಾತ್ರ ಗೋಡೆಯಿಂದ ಬೀರು ಸೇರಿತು. ಸೈಕಲ್ಲು ಯುಗಾದಿಗೆ ಬಂತು.

ಶಟರ್ ಎತ್ತಿದಾಗ ರಸ್ತೆಯಲ್ಲಿ ಕುಂಕುಮ ಮೆತ್ತಿದ ಹೋಳುಗಳ ಹೊರತು ಏನೂ ಇರಲಿಲ್ಲ. ಎಲ್ಲರಿಗೂ ಕಡ್ಲೆಪುರಿ, ಬೂಂದಿಯ ಪೊಟ್ಟಣ ಹಂಚುತ್ತಾ ಬಂದ ಭಾವ ನನ್ನ ಹತ್ತಿರ ನಿಂತರು. ತೂತಿನ ವಿಚಾರಕ್ಕೆ ಮಂಗಳಾರತಿ ಆಗುತ್ತದೆಂದು ನಾನು ತಲೆ ತಗ್ಗಿಸಿದೆ. ಅವರು ಪೊಟ್ಟಣವನ್ನು ನನ್ನ ಕೈಗಿಟ್ಟು, ರಸ್ತೆಯನ್ನೇ ನೋಡುತ್ತಾ, ನೀಲಗಿರಿ ತೋಪಿನ ಸುದ್ದಿ ಹೇಳುವ ದನಿಯಲ್ಲೇ ಹೇಳಿದರು:

"ನಾನು ಕಾಸು ಆರಿಸ್ತಿದ್ದಾಗ ಹತ್ತು ಎಣ್ಸೋರೂ ಇರ್ಲಿಲ್ಲ ಕಣಯ್ಯ. ಎಲ್ರೂ ನೋಡ್ತಾ ನಿಂತಿರೋರು."

ಒಳಗೆ ಸಾಂಬ್ರಾಣಿ ಹೊಗೆ ಇನ್ನೂ ತುಂಬಿತ್ತು. ಅದನ್ನು ವರ್ಷಾವರ್ಷ ಬೈಯುತ್ತಿದ್ದವನು ನಾನು. ಅವತ್ತು, ಕಣ್ಣೊರೆಸಿಕೊಳ್ಳಲು ಅಂಥದೊಂದು ನೆಪ ಇದ್ದದ್ದು ಒಳ್ಳೆಯದೇ ಆಯಿತು. ಆದರೂ ಭಾವ ನನ್ನ ಮುಖ ನೋಡದೆ, ಆ ಕಡೆ ತಿರುಗಿ ನಿಂತುಕೊಂಡರು.