ಮೂಲೆಯಿಲ್ಲದ ಖೋಲಿ

ನೆಟ್ಟಗಿನ ಗೋಡೆಗಳ ಬಗ್ಗೆ ನನಗೆ ತುಂಬ ಗೌರವ. ಪರದೆಯ ಮೇಲೆ ಇಲ್ಲೊಮ್ಮೆ ಅಲ್ಲೊಮ್ಮೆ ಒತ್ತಿದರೆ ಸಾಕು, ತಕರಾರಿಲ್ಲದೆ ಎದ್ದು ನಿಲ್ಲುತ್ತವೆ. ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮನೆಗಳ ನಕ್ಷೆ ಬಿಡಿಸುವುದು ನನ್ನ ಉದ್ಯೋಗ. ನವನಗರದ ಸೈಟುಗಳು ಚೌಕ, ಅವುಗಳ ಮೇಲೇಳುವ ಮನೆಗಳು ಚೌಕ. ದಿನವೂ ಅವನ್ನೇ ನೋಡಿ ನೋಡಿ ನನ್ನ ಮುಖವೂ ಚೌಕವಾಗುತ್ತಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೀಗೇ ನಿವೃತ್ತಿಯವರೆಗೂ ಸಾಗಬಹುದಿತ್ತು. ಆದರೆ ನನ್ನದೊಂದು ಕೆಟ್ಟ ಸ್ವಭಾವ. ಯಾರಾದರೂ "ಆಗತೈತೇನು?" ಎಂದರೆ ನನ್ನ ಬಾಯಿ ತಾನಾಗಿಯೇ "ಆಗತೈತ್ರಿ" ಎಂದುಬಿಡುತ್ತದೆ. ತಲೆ ಆಮೇಲೆ ಬಂದು ವಿಚಾರಿಸುತ್ತದೆ.

ಹಾಗೆ ಬಾಯಿ ಒಪ್ಪಿಕೊಂಡದ್ದು ಸಂಗಪ್ಪ ಕಾಕಾನ ಖೋಲಿಯನ್ನು. ಸಂಗಪ್ಪ ಕಾಕಾ ನಮ್ಮ ಹಿಂದಿನ ಓಣಿಯವರು. ಬಾಗಲಕೋಟೆಯಿಂದ ಹುನಗುಂದದ ಮೇಲೆ ಇಳಕಲ್ಲಿಗೆ ಹೋಗುವ ಬಸ್ಸನ್ನು ನೌಕರಿ ಮುಗಿಯುವ ತನಕ ಓಡಿಸಿದವರು. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತು. ಒಮ್ಮೆ ರಸ್ತೆಯಲ್ಲಿ ಬಿದ್ದು ಹಲ್ಲು ಮುರಿದುಕೊಂಡ ಮೇಲೆ ಹೆಂಡತಿ ನೀಲವ್ವ ಕಾಕು ಅವರನ್ನು ಹೊರಗೆ ಬಿಡಲಿಲ್ಲ. ಮನೆಯೊಳಗೇ ಗೋಡೆ ಹಿಡಿದು ತಿರುಗಾಡುತ್ತಿದ್ದರು, ಸಿಕ್ಕ ಸಿಕ್ಕ ಮೂಲೆಗೆ ಮೊಣಕೈ, ಹಣೆ ಬಡಿಸಿಕೊಳ್ಳುತ್ತಿದ್ದರು.

"ತಮ್ಮಾ, ಹಿತ್ತಲದಾಗ ಒಂದು ಖೋಲಿ ಹಾಕಸ್ತೇನಿ," ಎಂದರು ಒಂದು ಸಂಜೆ. "ಮೂಲಿ ಬಂತಂದ್ರ ಬ್ರೇಕ್ ಹಾಕಬೇಕಾಗತೈತಿ. ಗ್ವಾಡಿ ಮ್ಯಾಲ ಕೈ ಇಟ್ರ ನಿಂದರಲಾರದ ಸುತ್ತು ಹೊಡದಿರಬೇಕು. ಆಗತೈತೇನು?"

"ಆಗತೈತ್ರಿ ಕಾಕಾ. ಗುಂಡಗ ಮಾಡೂಣಲ್ಲ."

"ಗುಂಡಗ ಬ್ಯಾಡೋ. ಜಾಗಾ ಉದ್ದ ಐತಿ. ಗುಂಡಗಿದ್ರ ಗಾಣದ ಎತ್ತಿನಂಗ ಆಕ್ಕೈತಿ. ತುಸು ಉದ್ದ ಹೋಗಬೇಕು, ಆಮ್ಯಾಲ ಹೊಳ್ಳಬೇಕು. ಕಲಾದಗಿ ಚಿಕ್ಕು ಇರತೈತೆಲ್ಲ, ಹಂಗ."

ಚಿಕ್ಕುಹಣ್ಣಿನ ಈ ಆಕಾರಕ್ಕೆ ಗಣಿತದಲ್ಲಿ ದೀರ್ಘವೃತ್ತ ಎನ್ನುತ್ತಾರೆ. ನಮ್ಮ ಕಂಪ್ಯೂಟರಿನ ತಂತ್ರಾಂಶದಲ್ಲಿ ಗೋಡೆ ಎಳೆಯಲು ಗೆರೆ, ಚೌಕ, ವೃತ್ತ, ಕಮಾನು ಎಲ್ಲ ಇದ್ದವು, ಅದೊಂದೇ ಇರಲಿಲ್ಲ. ನಾಲ್ಕು ಕಮಾನು ಜೋಡಿಸಿ ನೋಡಿದೆ. ದೂರದಿಂದ ಚಿಕ್ಕು, ಹತ್ತಿರದಿಂದ ಒತ್ತಿ ಸೊಟ್ಟ ಮಾಡಿದ ತಂಬಿಗೆ. ಕೂಡಿಸಿದಲ್ಲೆಲ್ಲ ಒಂದು ಗೀರು, ಅದರ ಹತ್ತಿರ ಕಿಟಕಿ ಇಟ್ಟರೆ ಜಾರಿ ಎಲ್ಲಿಗೋ ಹೋಗಿ ಕೂರುತ್ತಿತ್ತು. ಬೇರೆ ದಾರಿ ಹಿಡಿದು, ಚಿಕ್ಕುವಿನಾಕಾರದ ಗಟ್ಟಿ ಉಂಡೆಯೊಂದನ್ನು ಮಾಡಿ ಅದರ ಮೈಗೆ ಗೋಡೆ ತೊಡಿಸಿದೆ. ಗೋಡೆ ಬಂತು. ಆದರೆ ಖೋಲಿಯನ್ನು ತುಸು ಸರಿಸಿದರೆ ಚಾವಣಿ ಹೋಗುತ್ತಿತ್ತು, ಗೋಡೆ ಮುನಿಸಿಕೊಂಡಂತೆ ಅಲ್ಲೇ ನಿಲ್ಲುತ್ತಿತ್ತು. ನಮ್ಮ ಸಾಹೇಬರು ಹಿಂದೆ ಬಂದು ನಿಂತು, "ಏನ್ರಿ ಇದು, ಮನಿಯೋ, ಕುಂಬಳಕಾಯಿಯೋ?" ಎಂದು ಕೇಳಿ ಹೋದರು.

ಅತ್ತ ನೀಲವ್ವ ಕಾಕುವಿನ ತಮ್ಮ ಇಳಕಲ್ಲಿನಿಂದ ಬಂದು, ಮೂಲೆಯೇ ಇಲ್ಲದ ಮನೆಯಲ್ಲಿ ಕುಬೇರ ಎಲ್ಲಿ ಕೂರಬೇಕು ಎಂದು ತಕರಾರು ತೆಗೆದಿದ್ದ. "ಮೂಲಿ ಇದ್ದ ಮನ್ಯಾಗ ಎಷ್ಟು ಬಂದು ಕುಂತಿದ್ದಾನ?" ಎಂದು ಕಾಕು ಕೇಳಿದ ಮೇಲೆ ಇಳಕಲ್ಲಿನ ಬಸ್ಸು ಹಿಡಿದ. ಅಷ್ಟರಲ್ಲಿ ಕಚೇರಿಗೆ ತಂತ್ರಾಂಶದ ಹೊಸ ಆವೃತ್ತಿ ಬಂತು. ಅದರಲ್ಲಿ ದೀರ್ಘವೃತ್ತದ ಗೋಡೆ ಇತ್ತು! ನಡುವಿಗೊಮ್ಮೆ, ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಒತ್ತಿದೆ. ಅಷ್ಟು ದಿನ ನನ್ನನ್ನು ಗೋಳು ಹೊಯ್ದುಕೊಂಡ ಗೋಡೆ ಸದ್ದಿಲ್ಲದೆ ಎದ್ದು ನಿಂತಿತು. ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತೆನ್ನಿ.

ಬಣ್ಣದ ದೊಡ್ಡ ಚಿತ್ರ ಮುದ್ರಿಸಿಕೊಂಡು ಕಾಕಾನ ಮನೆಗೆ ಓಡಿದೆ, ಅವರ ಮುಂದೆ ಹಾಸಿ, "ನೋಡ್ರಿ ಕಾಕಾ!" ಎಂದೆ. ಕಾಕು ತಲೆ ತಗ್ಗಿಸಿದರು. ಕಾಕಾ ಅಂಗೈಯಿಂದ ಹಾಳೆ ಸವರಿ, "ಭಾಳ ನುಣ್ಣಗ ಐತಿ ತಮ್ಮಾ," ಎಂದರು. ನನ್ನನ್ನು ನೋಯಿಸಬಾರದೆಂದು ಹೇಳಿದ ಮಾತು ಅದು. ಅದೇ ಹೆಚ್ಚು ನೋಯಿಸಿತು.

ಮರುದಿನ ಗೋಡೆಯ ಗೆರೆಯ ಮೇಲೆ ಗೋಂದು ಹಚ್ಚಿ ಸುತಳಿ ಅಂಟಿಸಿ ಒಯ್ದೆ. ಕಾಕಾ ಬೆರಳಿಟ್ಟು ಒಂದು ಸುತ್ತು ಹೋದರು. ಮತ್ತೊಂದು ಸುತ್ತು. ಮುಖ ಅರಳಿತು. ಮೂರನೆಯದರಲ್ಲಿ ಬೆರಳು ನಿಧಾನವಾಯಿತು. "ಖರೆ ಛಲೋ ಐತಿ. ಆದ್ರ ಹತ್ತೋದು, ಇಳಿಯೋದು ಎಲ್ಲಿ?" ಎಂದರು. ಸುತಳಿ ಅಂಟಿಸುವ ಉತ್ಸಾಹದಲ್ಲಿ ಬಾಗಿಲಿಗೆ ಜಾಗ ಬಿಡುವುದನ್ನೇ ಮರೆತಿದ್ದೆ. ಆ ದಿನ ಮೂವರೂ ನಕ್ಕೆವು. ಆ ಮನೆಯಲ್ಲಿ ಹಾಗೆ ನಕ್ಕಿದ್ದು ಅದೇ ಕೊನೆ.

ಪಾಯ ತೋಡುವ ಹೊತ್ತಿಗೆ ಚಪ್ಪಲಿ ಕಚ್ಚಿ ಕಾಕಾನ ಬಲಗಾಲಿಗೆ ಸಣ್ಣ ಗಾಯವಾಯಿತು. ಸಕ್ಕರೆಯವರ ಗಾಯ, ಮಾಯಲಿಲ್ಲ. ಗೋಡೆ ಎದೆಮಟ್ಟಕ್ಕೆ ಬಂದಾಗ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಕೆಲಸ ನಿಲ್ಲಿಸಬೇಕೇ ಎಂದು ಕೇಳಲು ಹೋದ ನನಗೆ ಕಾಕು, "ಯಾಕ ನಿಲ್ಲಸ್ತಿ? ಕಟ್ಟು. ನಾ ಏನರೆ ಮಾಡ್ತೇನಿ," ಎಂದರು.

ಖೋಲಿ ಮುಗಿದ ಮೇಲೆ ಹೋಗಿ ನೋಡಿದೆ. ನಡುವೆ ಕುರ್ಚಿ, ಕುರ್ಚಿಯಲ್ಲಿ ಕಾಕಾ. ಕಾಕು ಒಂದು ಕೈ ಗೋಡೆಯ ಮೇಲಿಟ್ಟು ಸುತ್ತು ಹಾಕುತ್ತಿದ್ದರು, ಓಣಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಅವರ ದನಿ ತಿರುಗಿದ ಹಾಗೆ ಕಾಕಾನ ಮುಖವೂ ತಿರುಗುತ್ತಿತ್ತು. "ಈಗ ಕಿಡಕಿ ದಾಟಿದಿ. ಈಗ ಹೊಳ್ಳಿದಿ, ಹೌದಲ್ಲ?" ಎನ್ನುತ್ತಿದ್ದರು. ಕಾಕು "ಹೌದ್ರಿ" ಎಂದು ಮುಂದೆ ನಡೆಯುತ್ತಿದ್ದರು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟೆ.

ಕಾಕು ನನ್ನನ್ನು ಕಂಡು, "ಚಾ ಇಟ್ಟು ಬರ್ತೇನಿ, ಅಲ್ಲೀ ತನಕ ನೀ ತಿರುಗು. ಸುಮ್ನ ತಿರುಗಬ್ಯಾಡ, ಮಾತಾಡಕೋತ ತಿರುಗು," ಎಂದು ಒಳಗೆ ಹೋದರು. ಗೋಡೆಗೆ ಕೈ ಹಚ್ಚಿ ಹೊರಟೆ. ಓಣಿಯ ಸುದ್ದಿ ನನಗೆ ಗೊತ್ತಿಲ್ಲ, ನನಗೆ ಗೊತ್ತಿರುವುದು ಒಂದೇ. ಕಮಾನು ಜೋಡಿಸಿದ್ದು, ಉಂಡೆಗೆ ಗೋಡೆ ತೊಡಿಸಿದ್ದು, ಹೊಸ ಆವೃತ್ತಿಯಲ್ಲಿ ಮೊದಲು ನಡುವನ್ನು ಏಕೆ ಒತ್ತಬೇಕು ಎಂಬುದು—ಎಲ್ಲವನ್ನೂ ವಿವರವಾಗಿ ಹೇಳುತ್ತ ನಡೆದೆ. ಸ್ವಲ್ಪ ಹೊತ್ತಿನಲ್ಲಿ ಕಾಕಾನ ಮುಖ ತಿರುಗುವುದು ನಿಂತಿತು, ಸಣ್ಣಗೆ ಗೊರಕೆ ಕೇಳಿಸಿತು. ಚಹಾ ತಂದ ಕಾಕು ಅವರನ್ನು ನೋಡಿ, ಬಾಗಿಲಲ್ಲೇ ನಿಂತು, ಪಿಸುಮಾತಿನಲ್ಲಿ, "ರಾತ್ರಿ ಕಾಲು ಸೆಳೀತೈತಂತ ನಿದ್ದಿನ ಇಲ್ಲ. ನಿಲ್ಲಸಬ್ಯಾಡ ತಮ್ಮಾ, ಅದನ್ನ ಹೇಳ್ಕೋತ ಹೋಗು," ಎಂದರು. ಈಗ ಪ್ರತಿ ಭಾನುವಾರ ಮಧ್ಯಾಹ್ನ ನನಗೆ ಅಲ್ಲಿಂದ ಕರೆ ಬರುತ್ತದೆ.